ತೋಟದಲ್ಲಿ ಕೂತು ಹೂ ಬಿಡಿಸುವುದು: ವಾಟರ್ ಕಲರ್ ಹಿಡಿದವರಿಗೆ ಸಮಗ್ರ ಮಾರ್ಗದರ್ಶಿ

ಹೂದೋಟದ ಚಿತ್ರ ಕೆಡುವುದು ಹೂವಿನಲ್ಲಲ್ಲ, ಎಲೆಯಲ್ಲಿ. ಬಣ್ಣದ ಡಬ್ಬಿ ಹಿಡಿದು ಲಾಲ್‌ಬಾಗಿಗೋ ಮನೆಯ ಹಿತ್ತಲಿಗೋ ಹೋಗಿ ಕೂತವರ ಮೊದಮೊದಲ ಹಾಳೆಗಳನ್ನು ನೋಡಿ. ದಾಸವಾಳ ಕೆಂಪಗೆ ಚೆನ್ನಾಗಿಯೇ ಬಂದಿರುತ್ತದೆ. ಅದರ ಸುತ್ತ ಮಾತ್ರ ಟ್ಯೂಬಿನಿಂದ ಹಿಂಡಿದ ಒಂದೇ ಹಸಿರನ್ನು ಹಾಳೆ ತುಂಬಾ ಬಳಿದಿರುತ್ತಾರೆ. ಹೂವು ಗಿಡದಲ್ಲಿ ಅರಳಿದ ಹಾಗೆ ಕಾಣುವುದಿಲ್ಲ, ಗೋಡೆಗೆ ಅಂಟಿಸಿದ ಸ್ಟಿಕ್ಕರಿನ ಹಾಗೆ ಕಾಣುತ್ತದೆ.

ವಾಟರ್ ಕಲರ್‌ನಲ್ಲಿ ಹಾಳೆಯೇ ಬಿಳಿ. ನಂದಿಬಟ್ಟಲಿನಂಥ ತಿಳಿ ಹೂವಿಗೆ ನಾವು ಬಣ್ಣ ಹಚ್ಚುವುದೇ ಕಡಿಮೆ. ಅದರ ಅಂಚು ಎದ್ದು ಕಾಣುವುದು ಹಿಂದಿನ ಎಲೆ ಗಾಢವಾಗಿದ್ದರೆ ಮಾತ್ರ. ಅಂದರೆ ಹೂವನ್ನು ಬಿಡಿಸುವ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಎಲೆ ಬಿಡಿಸುವ ಕೆಲಸವೇ. ಇಲ್ಲೂ ಹೂವಿಗಿಂತ ಹಸಿರಿನ ಮಾತೇ ಹೆಚ್ಚಿದೆ.

ಫೋಟೋ ತೆಗೆದುಕೊಂಡು ಮನೆಯಲ್ಲಿ ಆರಾಮಾಗಿ ಬಿಡಿಸಬಹುದಲ್ವಾ ಅಂತ ಕೇಳುವವರಿದ್ದಾರೆ. ಬಿಡಿಸಬಹುದು. ಆದರೆ ಬಿಸಿಲಲ್ಲಿರುವ ಕೆಂಪು ದಾಸವಾಳದ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಎಸಳಿನ ಮಡಿಕೆಗಳೆಲ್ಲ ಮಾಯವಾಗಿ ಬರೀ ಒಂದು ಕೆಂಪು ತೇಪೆ ಉಳಿದಿರುತ್ತದೆ. ಅಷ್ಟು ತೀವ್ರವಾದ ಕೆಂಪನ್ನು ಫೋನಿನ ಕ್ಯಾಮೆರಾ ಪೂರ್ತಿ ಹಿಡಿಯುವುದಿಲ್ಲ. ನೆರಳಿನ ಭಾಗವನ್ನೂ ಅದು ಕಪ್ಪು ಮಾಡಿಬಿಡುತ್ತದೆ. ಕಣ್ಣಿಗಾದರೆ ಅದೇ ನೆರಳಿನೊಳಗೆ ನಾಲ್ಕಾರು ಹಸಿರು ಕಾಣುತ್ತವೆ. ನಾವು ಬಿಸಿಲಿಗೆ ಹೋಗಿ ಕೂರುವುದೇ ಅವುಗಳಿಗಾಗಿ.

ಯಾವ ತಿಂಗಳು, ಯಾವ ಹೊತ್ತು

ಬೆಂಗಳೂರಿನವರಿಗೆ ವರ್ಷವಿಡೀ ಏನಾದರೊಂದು ಹೂ ಸಿಗುತ್ತದೆ. ಇದರ ಹಿಂದೆ ಲೆಕ್ಕಾಚಾರವಿದೆ. ಜರ್ಮನಿಯಿಂದ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಗುಸ್ಟಾವ್ ಹರ್ಮನ್ ಕ್ರುಂಬಿಗಲ್, ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಶುರುವಾಗುವ ಹಾಗೆ ಆರಿಸಿ ಊರಿನ ರಸ್ತೆಗಳಿಗೆ ಮರ ನೆಡಿಸಿದರು. ಫೆಬ್ರವರಿ, ಮಾರ್ಚ್‌ನಲ್ಲಿ ಟಬೆಬುಯಾ, ಅದರ ಬೆನ್ನಿಗೇ ಜಕರಂಡಾ, ಏಪ್ರಿಲ್ ಮೇ ಹೊತ್ತಿಗೆ ಗುಲ್‌ಮೊಹರ್ ಮತ್ತು ಕಕ್ಕೆ.

ಹೊಸಬರು ಟಬೆಬುಯಾದಿಂದ ಶುರು ಮಾಡಿದರೆ ಉತ್ಸಾಹ ಬರುತ್ತದೆ. ಹೂ ಬಿಡುವಾಗ ಮರದಲ್ಲಿ ಎಲೆ ಹೆಚ್ಚು ಕಡಿಮೆ ಇರುವುದೇ ಇಲ್ಲ. ಗುಲಾಬಿ ಬಣ್ಣ, ಹಿಂದೆ ಆಕಾಶ, ನಾಲ್ಕು ಕೊಂಬೆ, ಅಷ್ಟೇ. ಆದರೆ ಅಲ್ಲೇ ನಿಂತುಬಿಟ್ಟರೆ ಹಸಿರು ಕಲಿಯುವುದು ಯಾವಾಗ?

ಹೊತ್ತಿನ ವಿಷಯಕ್ಕೆ ಬಂದರೆ, ಬೆಳಿಗ್ಗೆ ಆರೂವರೆಯಿಂದ ಒಂಬತ್ತು, ಇಲ್ಲವೇ ಸಂಜೆ ನಾಲ್ಕರಿಂದ ಆರು. ಬಿಸಿಲು ಓರೆಯಾಗಿದ್ದಾಗ ಗಿಡದ ಒಂದು ಮಗ್ಗುಲು ಬೆಳಗುತ್ತದೆ, ಇನ್ನೊಂದು ನೆರಳಾಗುತ್ತದೆ. ಗಿಡ ದುಂಡಗೆ ಕಾಣುವುದು ಇದರಿಂದಲೇ. ನಡುಹಗಲಲ್ಲಿ ಈ ಭೇದ ಹೋಗಿಬಿಡುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯ ನಡುಹಗಲಿಗೆ ಸರಿಯಾಗಿ ನೆತ್ತಿಯ ಮೇಲೇ ಬರುತ್ತಾನೆ. ನೆಟ್ಟ ಕೋಲಿಗೂ ಆಗ ನೆರಳಿರುವುದಿಲ್ಲ. ಲಾಲ್‌ಬಾಗಿನ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ಬರುವುದೂ ಈ ಸಮಯಕ್ಕೇ. ಮಧ್ಯಾಹ್ನ ಹನ್ನೆರಡಕ್ಕೆ ಆ ಜನಜಂಗುಳಿಯಲ್ಲಿ ಬೋರ್ಡ್ ಹಿಡಿದು ಕೂರುವುದು ಬೇಡ. ಹೂ ನೋಡಿ, ಸಣ್ಣ ಪುಸ್ತಕದಲ್ಲಿ ಎರಡು ಗೆರೆ ಎಳೆದುಕೊಂಡು ಬನ್ನಿ, ಸಾಕು.

ಹೂವಿಗೂ ಅದರದೇ ವೇಳೆ ಇದೆ. ತಾವರೆ ಬೆಳಿಗ್ಗೆ ಬಿರಿದು ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಸಂಜೆ ಮಲ್ಲಿಗೆ ನಾಲ್ಕರ ಮೇಲೆ ಅರಳುತ್ತದೆ. ದಾಸವಾಳದ ಒಂದು ಹೂವಿಗೆ ಸಾಮಾನ್ಯವಾಗಿ ಒಂದೇ ದಿನ. ಅರ್ಧ ಬಿಡಿಸಿ, ನಾಳೆ ಬಂದು ಮುಗಿಸುತ್ತೇನೆ ಅಂದರೆ ನಾಳೆ ಅದು ಮುದುಡಿರುತ್ತದೆ. ಮುಸ್ಸಂಜೆಯಲ್ಲಿ ಇನ್ನೊಂದು ತಮಾಷೆ ನೋಡಬಹುದು. ಬೆಳಕು ಇಳಿದ ಹಾಗೆ ಕೆಂಪು ಹೂ ಬೇಗ ಕಪ್ಪಾಗುತ್ತದೆ, ಎಲೆಗಳು ಇನ್ನೂ ಸ್ವಲ್ಪ ಹೊತ್ತು ಕಾಣುತ್ತಿರುತ್ತವೆ. ಮಬ್ಬಿನಲ್ಲಿ ನಮ್ಮ ಕಣ್ಣು ಕೆಂಪಿಗಿಂತ ನೀಲಿ-ಹಸಿರನ್ನು ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ಆರರ ಮೇಲೆ ಕೆಂಪು ಹೂವಿನ ಬಣ್ಣ ತಿದ್ದಲು ಹೋಗಬೇಡಿ.

ಚೀಲದಲ್ಲಿ ಏನೇನು

ಹಾಳೆಗೆ ಮಾತ್ರ ಜಿಪುಣತನ ಬೇಡ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪದ, ನೂರಕ್ಕೆ ನೂರು ಕಾಟನ್ ಇರುವ, ಕೋಲ್ಡ್ ಪ್ರೆಸ್ಡ್ ಅಂದರೆ ಮೈ ತುಸು ಒರಟಾಗಿರುವ ಹಾಳೆ ತೆಗೆದುಕೊಳ್ಳಿ. ಮಾರ್ಚ್ ಬಿಸಿಲಲ್ಲಿ ತೆಳ್ಳನೆ ಹಾಳೆ ಹಪ್ಪಳದ ಹಾಗೆ ಏಳುತ್ತದೆ, ಹಚ್ಚಿದ ಬಣ್ಣ ಹರಡುವ ಮೊದಲೇ ಒಣಗುತ್ತದೆ. ದೊಡ್ಡ ಇಂಪೀರಿಯಲ್ ಹಾಳೆ 22 ಇಂಚಿಗೆ 30 ಇಂಚು ಇರುತ್ತದೆ. ಅದನ್ನು ಎಂಟು ತುಂಡು ಮಾಡಿದರೆ ಒಂದೊಂದೂ ಏಳೂವರೆಗೆ ಹನ್ನೊಂದು ಇಂಚು. ಹೊರಗೆ ಬಿಡಿಸಲು ಇಷ್ಟು ಸಾಕು. ಬೆಳಕು ಬದಲಾಗುವ ಮೊದಲು ಇದಕ್ಕಿಂತ ದೊಡ್ಡದನ್ನು ತುಂಬಿಸುವುದು ಕಷ್ಟ.

ಬ್ರಷ್ ಮೂರು: 12ನೇ ನಂಬರಿನ ರೌಂಡ್ (ದುಂಡು ಬ್ರಷ್), 8ನೇ ನಂಬರಿನದು, ತೆಳು ಗೆರೆಗೆ ಒಂದು 4. ಮೂರರಲ್ಲೂ ಒದ್ದೆಯಾದಾಗ ತುದಿ ಚೂಪಾಗಿ ನಿಲ್ಲಬೇಕು. ಸಣ್ಣ ಬ್ರಷ್ ಜಾಸ್ತಿ ತಂದವರು ಎಲೆ ಎಣಿಸುತ್ತಾ ಕೂರುತ್ತಾರೆ.

ಬಣ್ಣ ಎಂಟು ಇದ್ದರೆ ಧಾರಾಳ. ಲೆಮನ್ ಯೆಲ್ಲೋ, ಕಿತ್ತಳೆಯತ್ತ ವಾಲುವ ಇನ್ನೊಂದು ಹಳದಿ, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಒಂದು ಬಿಸಿ ಕೆಂಪು (ಕಿತ್ತಳೆಯತ್ತ ವಾಲುವ ಕೆಂಪು), ಪರ್ಮನೆಂಟ್ ರೋಸ್, ಅಲ್ಟ್ರಾಮರೀನ್ ಮತ್ತು ಥ್ಯಾಲೋ ಬ್ಲೂ. ಹಸಿರಿನ ಟ್ಯೂಬನ್ನು ಬೇಕೆಂದೇ ಬಿಟ್ಟಿದ್ದೇನೆ. ಕಾರಣ ಮುಂದೆ ಬರುತ್ತದೆ. ಟ್ಯೂಬ್ ಕೊಳ್ಳುವಾಗ ಬಣ್ಣದ ಹೆಸರಿಗಿಂತ ಅದರ ಮೇಲಿನ ಪಿಗ್ಮೆಂಟ್ ನಂಬರ್ ಓದಿ, ಒಳಗಿರುವುದು ಯಾವ ಬಣ್ಣದ ಪುಡಿ ಅಂತ ಹೇಳುವುದು ಅದೇ. ಗುಲಾಬಿ, ಕಾಗದದ ಹೂವಿನಂಥ ಬಣ್ಣಗಳಿಗೆ ಪಿವಿ 19 ಒಳ್ಳೆಯದು, ಬೇಗ ಮಾಸುವುದಿಲ್ಲ. ಪಿಆರ್ 83 ಎಂಬ ನಂಬರಿನ ಹಳೇ ಅಲಿಜರಿನ್ ಕ್ರಿಮ್ಸನ್ ಬೆಳಕಿಗೆ ಮಾಸುತ್ತದೆ. ಅಂಗಡಿಯಲ್ಲಿ ಕಣ್ಣು ಕುಕ್ಕುವ ಒಪೆರಾ ಪಿಂಕ್ ಕೂಡ ಹಾಗೆಯೇ.

ಇನ್ನು ಹಗುರವಾದ ಬೋರ್ಡ್, ನಾಲ್ಕು ಕ್ಲಿಪ್, ಎರಡು ನೀರಿನ ಡಬ್ಬಿ, ಹಳೇ ಕಾಟನ್ ಬಟ್ಟೆ, ಸಣ್ಣ ಸ್ಪ್ರೇ ಬಾಟಲಿ, ಮಡಚುವ ಸ್ಟೂಲ್, ಟೋಪಿ, ಸೊಳ್ಳೆಗೆ ಹಚ್ಚುವ ಮುಲಾಮು. ಈಸಲ್ (ಬೋರ್ಡ್ ನಿಲ್ಲಿಸುವ ಸ್ಟ್ಯಾಂಡ್) ಇಲ್ಲದಿದ್ದರೆ ತೊಡೆಯ ಮೇಲೆ ಬೋರ್ಡ್ ಇಟ್ಟುಕೊಂಡರೂ ಆಗುತ್ತದೆ. ಸಾರ್ವಜನಿಕ ತೋಟಕ್ಕೆ ಈಸಲ್ ಒಯ್ಯುವುದಾದರೆ ಗೇಟಿನಲ್ಲಿ ಒಂದು ಮಾತು ಕೇಳಿಕೊಳ್ಳಿ.

ಕೂರುವ ಜಾಗ

ನಿಮಗೆ ನೆರಳು ಸಿಗದಿದ್ದರೂ ಪರವಾಗಿಲ್ಲ, ಹಾಳೆಗೆ ನೆರಳು ಬೇಕು. ಬಿಳಿ ಹಾಳೆಯ ಮೇಲೆ ನೇರ ಬಿಸಿಲು ಬಿದ್ದರೆ ಎಲ್ಲ ಬಣ್ಣವೂ ಹೊಳೆಯುತ್ತದೆ. ಗಾಢವಾಗಲಿ ಅಂತ ನೀವು ಮತ್ತೆ ಮತ್ತೆ ಬಣ್ಣ ಹಾಕುತ್ತೀರಿ. ಮನೆಗೆ ತಂದು ನೋಡಿದರೆ ಚಿತ್ರ ಮಂಕಾಗಿ, ಕಪ್ಪಗೆ ಕಾಣುತ್ತದೆ. ಮರದಡಿ ಕೂರಿ, ಇಲ್ಲವೇ ನಿಮ್ಮ ಮೈಯ ನೆರಳೇ ಹಾಳೆಯ ಮೇಲೆ ಬೀಳುವ ಹಾಗೆ ಬೋರ್ಡನ್ನು ಪಕ್ಕಕ್ಕೆ ಸರಿಸಿ. ಬಣ್ಣದ ಕೊಡೆಯ ಕೆಳಗೆ ಬೇಡ. ಕೊಡೆಯ ಬಣ್ಣವೇ ಹಾಳೆಗೂ ಇಳಿದು ಕಣ್ಣಿಗೆ ಮೋಸ ಮಾಡುತ್ತದೆ.

ಸೂರ್ಯ ನಿಮ್ಮ ಬಲಕ್ಕೋ ಎಡಕ್ಕೋ ಇರಲಿ. ಬೆನ್ನಿಗೆ ಸೂರ್ಯ ಇದ್ದರೆ ಎದುರಿನ ಗಿಡ ಚಪ್ಪಟೆಯಾಗಿ ಕಾಣುತ್ತದೆ. ಎದುರಿಗಿದ್ದರೆ ಕಣ್ಣಿಗೆ ಹಿಂಸೆ, ಆದರೆ ಎಸಳಿನೊಳಗಿಂದ ಬೆಳಕು ಹಾದು ಬರುವ ಸೊಗಸು ಸಿಗುವುದು ಆಗಲೇ. ಕೈ ಪಳಗಿದ ಮೇಲೆ ಅದನ್ನೂ ಮಾಡಿ.

ಕೂರುವ ಮೊದಲು ಕಾಲಡಿ ಒಮ್ಮೆ ನೋಡಿ. ಇರುವೆ ಸಾಲಿನ ಮೇಲೆ ಸ್ಟೂಲ್ ಹಾಕಿದರೆ ಮೊದಲ ವಾಷ್ (ನೀರು ಜಾಸ್ತಿ ಸೇರಿಸಿ ತೆಳುವಾಗಿ ಹರಡಿದ ಬಣ್ಣ) ಒಣಗುವಷ್ಟರಲ್ಲಿ ಎದ್ದು ಕುಣಿಯಬೇಕಾಗುತ್ತದೆ.

ಏನನ್ನು ಬಿಡುವುದು

ತೋಟದಲ್ಲಿ ಎಲ್ಲವೂ ಚೆಂದ. ಅದೇ ತೊಂದರೆ. ಲಾಲ್‌ಬಾಗಿನಲ್ಲಿ ಕೂತರೆ ಗಾಜಿನ ಮನೆ, ಅದರ ಮುಂದಿನ ಹೂಪಾತಿ, ಪಕ್ಕದ ಮರ ಎಲ್ಲವೂ ಬೇಕೆನಿಸುತ್ತದೆ. 1889ರಲ್ಲಿ ಅಡಿಗಲ್ಲು ಹಾಕಿದ ಆ ಕಟ್ಟಡದ ಕಬ್ಬಿಣದ ಕಮಾನುಗಳನ್ನು ಲೆಕ್ಕ ಹಿಡಿದು ಬಿಡಿಸಲು ಹೋದರೆ ಹೂವಿಗೆ ಸಮಯ ಉಳಿಯುವುದಿಲ್ಲ. ಅದು ಬೇಕೇ ಬೇಕಿದ್ದರೆ ತೆಳು ನೀಲಿ-ಬೂದಿಯ ಒಂದು ವಾಷ್, ಮೇಲೆ ನಾಲ್ಕು ಗೆರೆ. ಮಿಕ್ಕಿದ್ದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ.

ರಟ್ಟಿನಲ್ಲಿ ನಿಮ್ಮ ಹಾಳೆಯ ಅಳತೆಗೆ ತಕ್ಕ ಒಂದು ಕಿಂಡಿ ಕತ್ತರಿಸಿಕೊಳ್ಳಿ. ಅದನ್ನು ಕಣ್ಣಿನ ಮುಂದೆ ಹಿಡಿದು ಆಚೀಚೆ ಸರಿಸಿ ನೋಡಿ. ಜಾಗ ಗೊತ್ತಾದ ಮೇಲೆ ಕಣ್ಣು ಅರೆ ಮುಚ್ಚಿ. ಆಗ ಸಣ್ಣಪುಟ್ಟದ್ದೆಲ್ಲ ಕರಗಿ ಬೆಳಕು, ನೆರಳು, ಇವೆರಡರ ನಡುವಿನದು ಅಂತ ಮೂರೇ ಗುಂಪು ಉಳಿಯುತ್ತವೆ. ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಪೆನ್ಸಿಲಿನಿಂದ ಆ ಮೂರು ಗುಂಪನ್ನು ಹಾಕಿಕೊಳ್ಳಿ. ಐದು ನಿಮಿಷದ ಕೆಲಸ. ಇದನ್ನು ಬಿಟ್ಟವರೇ ಆಮೇಲೆ ನೆರಳನ್ನು ಎಲ್ಲಿ ಹಾಕಬೇಕು ಅಂತ ಒದ್ದಾಡುವುದು.

ಪೆನ್ಸಿಲಿನಿಂದ ಮೊದಲ ವಾಷ್‌ವರೆಗೆ

ಹಾಳೆಯ ಮೇಲೆ ಪೆನ್ಸಿಲ್ ಹಗುರವಾಗಿ ಓಡಲಿ. ಹೂಗಳನ್ನು ಒಂದೊಂದಾಗಿ ಬರೆಯಬೇಡಿ, ಗೊಂಚಲಾಗಿ ನೋಡಿ. ಹತ್ತಿರದ ಎರಡೋ ಮೂರೋ ಹೂವಿಗೆ ಮಾತ್ರ ಸರಿಯಾದ ಆಕಾರ ಕೊಡಿ. ದೂರದ ಚೆಂಡುಹೂವಿನ ಸಾಲು ಬರೀ ಒಂದು ಅಂಕುಡೊಂಕಿನ ಪಟ್ಟಿ. ಗಿಡಗಳನ್ನು ಕೇಸರ ಎಣಿಸಿ ಬಿಡಿಸುವ ಸಸ್ಯಚಿತ್ರ ಬೇರೆಯದೇ ವಿದ್ಯೆ. ಅದಕ್ಕೆ ಮೇಜು ಬೇಕು, ಭೂತಗನ್ನಡಿ ಬೇಕು, ದಿನಗಟ್ಟಲೆ ತಾಳ್ಮೆ ಬೇಕು.

ನೆರಳುಗಳ ಅಂಚನ್ನು ಪೆನ್ಸಿಲಿನಲ್ಲೇ ಗುರುತು ಹಾಕಿಬಿಡಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ನೀವು ಕೂತಾಗ ದಾರಿಯ ಮೇಲಿದ್ದ ನೆರಳು ಒಂದು ಗಂಟೆಯಲ್ಲಿ ಹೂಪಾತಿಯೊಳಗೆ ಹೋಗಿರುತ್ತದೆ. ಗುರುತು ಹಾಕಿದ ಮೇಲೆ ನೆರಳು ಎಲ್ಲಿಗೇ ಹೋಗಲಿ, ನೀವು ಹಾಳೆಯನ್ನೇ ನಂಬಿ. ಸರಿದ ನೆರಳಿನ ಹಿಂದೆ ಬಿದ್ದರೆ ಚಿತ್ರದಲ್ಲಿ ಎರಡು ಸೂರ್ಯ ಮೂಡುತ್ತಾರೆ.

ಮೊದಲ ವಾಷ್‌ನಲ್ಲಿ ಹೂವಿನ ತಿಳಿ ಬಣ್ಣ ಬರಲಿ, ಶುದ್ಧ ನೀರಿನಲ್ಲಿ. ಎರಡು ಡಬ್ಬಿ ತಂದದ್ದು ಇದಕ್ಕೇ. ಒಂದು ತೊಳೆಯಲು, ಇನ್ನೊಂದು ಬಣ್ಣ ಕಲೆಸಲು. ಹಸಿರು ಕಲೆತ ನೀರಿನಲ್ಲಿ ಗುಲಾಬಿ ಬಣ್ಣ ಕಲೆಸಿದರೆ ಅದು ಆಗಲೇ ಸತ್ತಿರುತ್ತದೆ. ಹೂವು ಒಣಗುವ ಮೊದಲೇ ಬಿಸಿಲು ಬಿದ್ದ ಎಲೆಗಳ ತಿಳಿ ಹಳದಿ-ಹಸಿರನ್ನು ಪಕ್ಕದಲ್ಲಿ ಹಾಕಿ, ಅಲ್ಲಲ್ಲಿ ಎರಡೂ ಮುಟ್ಟಲಿ. ಒಂದು ಕಡೆ ಕೆಂಪು ಹಸಿರಿಗೆ ಹರಿದರೆ ಹೆದರಬೇಡಿ, ತೋಟದ ಗಾಳಿ ಬರುವುದು ಅಲ್ಲಿಂದಲೇ. ಎಲ್ಲ ಹೂವಿಗೂ ಸುತ್ತ ಬಿಗಿಯಾದ ಗೆರೆ ಇದ್ದರೆ ಬಣ್ಣ ತುಂಬುವ ಪುಸ್ತಕದಂತಾಗುತ್ತದೆ.

ಹಸಿರು

ಟ್ಯೂಬಿನ ಸ್ಯಾಪ್ ಗ್ರೀನ್ ಕೆಟ್ಟ ಬಣ್ಣವಲ್ಲ. ಕೈಗೆ ಸುಲಭವಾಗಿ ಸಿಗುತ್ತದೆ ಅನ್ನುವುದೇ ಅದರ ದೋಷ. ಸಿಕ್ಕಿತು ಅಂತ ಎಲ್ಲ ಎಲೆಗೂ ಅದನ್ನೇ ಬಳಿಯುತ್ತೇವೆ. ಎರಡು ಹಳದಿ, ಎರಡು ನೀಲಿ ಇಟ್ಟುಕೊಂಡು ಪ್ರತಿ ಸಲ ಕಲೆಸಬೇಕಾಗಿ ಬಂದಾಗ ಕಣ್ಣು ತಾನಾಗಿ ಎಲೆಯ ಕಡೆ ಹೋಗುತ್ತದೆ.

ಹೊರಡುವ ಮೊದಲು ಮನೆಯಲ್ಲೇ ಒಂದು ಚೂರು ಹಾಳೆಯಲ್ಲಿ ಇವನ್ನು ಕಲೆಸಿ ನೋಡಿ. ಲೆಮನ್ ಯೆಲ್ಲೋಗೆ ಚೂರೇ ಚೂರು ಥ್ಯಾಲೋ ಬ್ಲೂ ಹಾಕಿದರೆ ಹರಿತವಾದ ಎಳೆ ಹಸಿರು ಬರುತ್ತದೆ, ಮಾರ್ಚ್‌ನಲ್ಲಿ ಹೊಂಗೆ ಚಿಗುರಿದಾಗಿನ ಬಣ್ಣ. ಥ್ಯಾಲೋ ತುಂಬಾ ಜೋರು, ಬ್ರಷ್ಷಿನ ತುದಿಗೆ ಹತ್ತಿದಷ್ಟು ಸಾಕು. ಕಿತ್ತಳೆಯತ್ತ ವಾಲುವ ಹಳದಿಗೆ ಅಲ್ಟ್ರಾಮರೀನ್ ಸೇರಿಸಿದರೆ ತುಸು ಮಂಕಾದ, ಬಲಿತ ಮಾವಿನೆಲೆಯಂಥ ಹಸಿರು. ಓಕರ್‌ಗೆ ಅಲ್ಟ್ರಾಮರೀನ್ ಸೇರಿದರೆ ಧೂಳು ಕೂತ ರಸ್ತೆ ಬದಿ ಗಿಡ. ಯಾವ ಹಸಿರು ಅತಿಯಾಗಿ ಕಿರುಚಿದರೂ ಒಂದು ತೊಟ್ಟು ಬರ್ನ್ಟ್ ಸಿಯೆನ್ನಾ ಅದನ್ನು ತಗ್ಗಿಸುತ್ತದೆ. ಗಿಡದ ಒಡಲಿನ ಕತ್ತಲೆಗೆ ಕಪ್ಪು ಬಣ್ಣ ಬೇಡ. ಥ್ಯಾಲೋ ಬ್ಲೂ ಮತ್ತು ಬರ್ನ್ಟ್ ಸಿಯೆನ್ನಾ ಗಟ್ಟಿಯಾಗಿ ಕಲೆಸಿ, ಸ್ವಲ್ಪ ಹಳದಿ ಹಾಕಿ. ಕಪ್ಪಿನಷ್ಟೇ ಗಾಢ, ಆದರೆ ಒಳಗೆ ಹಸಿರು ಉಸಿರಾಡುತ್ತಿರುತ್ತದೆ.

ಇಷ್ಟು ಕಲೆಸುವ ಲೆಕ್ಕ. ಇನ್ನು ನೋಡುವುದು. ಒಂದು ದಾಸವಾಳದ ಗಿಡದ ಎದುರು ಬೆಳಿಗ್ಗೆ ಎಂಟಕ್ಕೆ ನಿಂತು ಬರೀ ಎಲೆ ನೋಡಿ. ಮೇಲ್ಮುಖವಾಗಿ ಮಲಗಿದ ಎಲೆಗಳು ಆಕಾಶವನ್ನು ಪ್ರತಿಫಲಿಸುತ್ತಿರುತ್ತವೆ. ಅವು ಹಸಿರೇ ಅಲ್ಲ, ಹೆಚ್ಚು ಕಡಿಮೆ ತಿಳಿ ನೀಲಿ-ಬೂದಿ. ಬಿಸಿಲು ಹಿಂದಿನಿಂದ ಹಾದು ಬರುವ ಎಲೆಗಳು ಹಳದಿ ದೀಪ ಹಚ್ಚಿದಂತಿರುತ್ತವೆ, ಅವುಗಳ ನರ ಗಾಢವಾಗಿ ಕಾಣುತ್ತದೆ. ಗಿಡದ ಒಳಗಿನ ಎಲೆಗಳು ನೆರಳಿನಲ್ಲಿ ಒಂದಕ್ಕೊಂದು ಸೇರಿ ಬರೀ ಕತ್ತಲ ತೇಪೆ. ಮೂರೂ ಒಂದೇ ಗಿಡದ ಎಲೆ, ಒಂದೇ ಹೊತ್ತಿನಲ್ಲಿ. ಹಾಳೆಯಲ್ಲಿ ಈ ಮೂರು ಬಂದರೆ ಎಲೆಯ ಆಕಾರ ಸುಮಾರಾಗಿದ್ದರೂ ನಡೆಯುತ್ತದೆ. ಮೂರೂ ಒಂದೇ ಬಣ್ಣವಾದರೆ ಅಂಚಿನ ಹಲ್ಲುಗಳನ್ನೆಲ್ಲ ಬರೆದರೂ ಗಿಡ ಏಳುವುದಿಲ್ಲ.

ಹಾಕುವ ಕ್ರಮವೂ ಹೀಗೇ. ಆಕಾಶ ಬಿದ್ದ ಎಲೆಗಳನ್ನು ಮೊದಲ ವಾಷ್‌ನಲ್ಲಿ ತೀರಾ ತೆಳುವಾಗಿ ಹಾಕಿ ಬಿಟ್ಟುಬಿಡಿ. ಹಳದಿ-ಹಸಿರು ಎರಡನೆಯದು. ಅದು ಪೂರ್ತಿ ಒಣಗಿದ ಮೇಲೆ ಕತ್ತಲು. ಒಣಗಿದೆಯಾ ಅಂತ ನೋಡಲು ಬೆರಳಿನ ಹಿಂಭಾಗ ಹಾಳೆಗೆ ಮುಟ್ಟಿಸಿ, ತಣ್ಣಗಿದ್ದರೆ ಇನ್ನೂ ಒದ್ದೆ ಅಂತಲೇ ಅರ್ಥ. ಕತ್ತಲು ಹಾಕುವಾಗ ಎಲೆಯನ್ನು ಬಿಡಿಸಬೇಡಿ, ಎಲೆಗಳ ನಡುವಿನ ಸಂದಿಯನ್ನು ಬಿಡಿಸಿ. ಮೊದಲೇ ಹಾಕಿದ ತಿಳಿ ಬಣ್ಣದೊಳಗಿಂದ ಎಲೆಗಳು ತಾವಾಗಿ ಆಚೆ ಬರುತ್ತವೆ. ಹೂವೂ ಅಷ್ಟೇ. ಹಿಂದಿನ ಸಂದಿ ಕಪ್ಪಾದ ಗಳಿಗೆಯಲ್ಲಿ ಅದು ಮುಂದೆ ಬಂದು ನಿಲ್ಲುತ್ತದೆ.

ಹತ್ತಿರದ ಒಂದು ಹೂವು

ಚಿತ್ರದಲ್ಲಿ ಕಣ್ಣು ನಿಲ್ಲಲು ಒಂದು ಹೂವು ಸ್ಪಷ್ಟವಾಗಿರಬೇಕು. ಕೆಂಪು ದಾಸವಾಳವನ್ನೇ ತೆಗೆದುಕೊಳ್ಳೋಣ. ಐದು ಎಸಳು, ಒಂದರ ಅಂಚು ಇನ್ನೊಂದರ ಮೇಲೆ ಗಿರಗಿಟ್ಟಲೆಯ ಹಾಗೆ ಹತ್ತಿರುತ್ತದೆ. ನಡುವಿನಿಂದ ಉದ್ದನೆಯ ದಂಡು ಹೊರಗೆ ಚಾಚಿರುತ್ತದೆ, ಅದರ ಸುತ್ತ ಹಳದಿ ಪರಾಗದ ಚುಕ್ಕಿ, ತುದಿಯಲ್ಲಿ ಐದು ಪುಟ್ಟ ಕೆಂಪು ಗುಂಡು. ಮೊದಲು ದಂಡು ಯಾವ ದಿಕ್ಕಿಗೆ ಬಾಗಿದೆ ಎಂದು ಒಂದು ಗೆರೆ ಎಳೆಯಿರಿ. ಹೂವಿನ ಮುಖ ಎತ್ತ ತಿರುಗಿದೆ ಅನ್ನುವುದು ಆ ಗೆರೆಯಲ್ಲೇ ತೀರ್ಮಾನವಾಗುತ್ತದೆ. ಎಸಳುಗಳು ಅದಕ್ಕೆ ಹೊಂದಿಕೊಂಡು ಬರಲಿ.

ಬಿಸಿ ಕೆಂಪನ್ನು ತೆಳುವಾಗಿ ಎಲ್ಲ ಎಸಳಿಗೂ ಹಾಕಿ. ದಂಡಿನ ಜಾಗ ಬಿಡಿ. ಎಸಳು ಹೊರಳಿ ಹೊಳೆಯುವ ಕಡೆಯೂ ಒಂದು ಸಣ್ಣ ಬಿಳಿ ಸೀಳು ಬಿಡಿ. ಹಸಿ ಇರುವಾಗಲೇ ನಡುವಿಗೆ ಪರ್ಮನೆಂಟ್ ರೋಸ್ ಗಟ್ಟಿಯಾಗಿ ಮುಟ್ಟಿಸಿ, ಅದು ತಾನೇ ಹೊರಗೆ ಹರಿಯಲಿ. ಒಣಗಿದ ಮೇಲೆ ನೆರಳಿನ ಎಸಳಿಗೆ ರೋಸ್ ಮತ್ತು ಚೂರು ಅಲ್ಟ್ರಾಮರೀನ್. ಕೊನೆಗೆ ದಂಡಿನ ನೆರಳು ಒಂದು ಎಸಳಿನ ಮೇಲೆ ಬಿದ್ದಿದೆಯಲ್ಲ, ಅದನ್ನು ಒಂದೇ ಏಟಿಗೆ ಹಾಕಿ ಕೈ ತೆಗೆಯಿರಿ. ಹೂವಿಗೆ ಬಿಸಿಲು ಬರುವುದು ಆ ಒಂದು ಗೆರೆಯಿಂದ.

ಬೇರೆ ಬಣ್ಣದ ಹೂಗಳ ನೆರಳಿನ ಬಗ್ಗೆ ಎರಡು ಮಾತು. ಹಳದಿ ಹೂವಿನ ನೆರಳಿಗೆ ನೀಲಿ ಹಾಕಿದರೆ ಹಸಿರಾಗಿ ಕೊಳೆತಂತೆ ಕಾಣುತ್ತದೆ, ಓಕರ್ ಅಥವಾ ಸಿಯೆನ್ನಾ ಹಾಕಿ. ಬಿಳಿ ಹೂವಿನ ನೆರಳು ನೀಲಿ-ಬೂದಿ, ಅಡಿಯಲ್ಲಿ ಎಲೆಯ ಹಸಿರು ತಾಗಿರುತ್ತದೆ. ಕಾಗದದ ಹೂವಿನಲ್ಲಿ ನಾವು ಎಸಳು ಅಂದುಕೊಳ್ಳುವುದು ಬಣ್ಣ ಬಂದ ಎಲೆ. ನಿಜವಾದ ಹೂವು ಅದರೊಳಗಿನ ಬಿಳಿ ಕೊಳವೆ. ಹಾಗಾಗಿ ಅದಕ್ಕೆ ಎಲೆಗಿರುವ ನಡುನರ, ಕಾಗದದಂಥ ಮಡಿಕೆ ಕೊಟ್ಟರೆ ಸರಿಯಾಗಿ ಬರುತ್ತದೆ.

ಕೊಳದ ಹೂ

ತಾವರೆ ಮತ್ತು ನೈದಿಲೆಯನ್ನು ಒಂದೇ ಥರ ಬಿಡಿಸುವವರು ಬಹಳ. ನೈದಿಲೆಯ ಎಲೆ ನೀರಿನ ಮೇಲೆ ತೇಲುತ್ತದೆ, ಅದರಲ್ಲಿ ತೊಟ್ಟಿನವರೆಗೆ ಒಂದು ಸೀಳು ಇರುತ್ತದೆ. ತಾವರೆಯ ಎಲೆಗೆ ಸೀಳಿಲ್ಲ, ಬಲಿತ ಎಲೆಗಳು ನೀರಿನಿಂದ ಮೇಲೆದ್ದು ನಿಲ್ಲುತ್ತವೆ. ದೂರದ ಎಲೆಗಳು ತೀರಾ ಚಪ್ಪಟೆ ಗೆರೆಗಳಾಗಿ, ಹತ್ತಿರದವು ಮೊಟ್ಟೆಯಾಕಾರವಾಗಿ ಕಾಣುತ್ತವೆ. ಎಲ್ಲವನ್ನೂ ಒಂದೇ ಆಕಾರದಲ್ಲಿ ಹಾಕಿದರೆ ನೀರು ಗೋಡೆಯಂತೆ ಎದ್ದು ನಿಲ್ಲುತ್ತದೆ.

ಚಿತ್ರಕಾರ ಕ್ಲಾಡ್ ಮೋನೆ 1883ರಲ್ಲಿ ಫ್ರಾನ್ಸಿನ ಜಿವರ್ನಿಗೆ ಬಂದು ನೆಲೆಸಿದ. 1893ರಲ್ಲಿ ಅಲ್ಲೇ ಜಾಗ ಕೊಂಡು ಕೊಳ ಮಾಡಿಸಿ ನೈದಿಲೆ ಬೆಳೆಸಿದ. ಆ ನೈದಿಲೆಗಳನ್ನು ಸುಮಾರು 250 ಚಿತ್ರಗಳಲ್ಲಿ ಬಿಡಿಸಿದ್ದಾನೆ. ಅವನಿಂದ ನಾವು ಕದಿಯಬಹುದಾದ ಒಂದು ಅಭ್ಯಾಸವಿದೆ. ಒಂದೇ ನೋಟಕ್ಕೆ ಹಲವು ಕ್ಯಾನ್ವಾಸ್ ಇಟ್ಟುಕೊಂಡು, ಬೆಳಕು ಬದಲಾದ ಹಾಗೆ ಕ್ಯಾನ್ವಾಸ್ ಬದಲಿಸುತ್ತಿದ್ದ. ನಾವೂ ಎರಡು ಹಾಳೆ ಕ್ಲಿಪ್ ಮಾಡಿಕೊಳ್ಳಬಹುದು. ಏಳರಿಂದ ಎಂಟು ಒಂದು, ಎಂಟರಿಂದ ಒಂಬತ್ತು ಇನ್ನೊಂದು. ಮಾರನೇ ದಿನ ಅದೇ ಹೊತ್ತಿಗೆ ಅದೇ ಹಾಳೆ.

ಅಲ್ಲಿ ಎದುರಾಗುವ ತಾಪತ್ರಯಗಳು

ಬೇಸಿಗೆಯಲ್ಲಿ ವಾಷ್ ಅರ್ಧ ದಾರಿಯಲ್ಲೇ ಒಣಗಿ ಅಂಚು ಕಟ್ಟುತ್ತದೆ. ಬಣ್ಣ ಹಚ್ಚುವ ಮೊದಲು ಸ್ಪ್ರೇಯಿಂದ ಹಾಳೆಯನ್ನು ಒದ್ದೆ ಮಾಡಿ, ಬಣ್ಣ ಮೊದಲೇ ಜಾಸ್ತಿ ಕಲೆಸಿಟ್ಟುಕೊಳ್ಳಿ. ಮಡಿಕೇರಿಯ ರಾಜಾಸೀಟ್‌ನಂಥ ಕಡೆ ಮಳೆಗಾಲದಲ್ಲಿ ಇದರ ತಿರುಗಾಮುರುಗಾ, ಹಾಳೆ ಒಣಗುವುದೇ ಇಲ್ಲ. ಆಗ ಪದರದ ಮೇಲೆ ಪದರ ಹಾಕುವ ಆಸೆ ಬಿಟ್ಟು, ಒದ್ದೆಯಲ್ಲೇ ಮುಗಿಯುವ ಮಂಜಿನ ಚಿತ್ರ ಮಾಡಿ.

ಜನ ಬಂದು ನಿಲ್ಲುತ್ತಾರೆ. "ಇದು ಯಾವ ಹೂವು ಸಾರ್?", "ನನ್ನದೊಂದು ಚಿತ್ರ ಬಿಡಿಸಿ ಮೇಡಂ" ಇವೆಲ್ಲ ಇದ್ದದ್ದೇ. ನಕ್ಕು ಒಂದು ಮಾತಾಡಿ ಮುಂದುವರಿಸಿ. ಮಾಲಿಗಳು ಬಂದರೆ ಮಾತ್ರ ಬ್ರಷ್ ಕೆಳಗಿಟ್ಟು ಮಾತಾಡಿ. ಯಾವ ಪಾತಿ ಮುಂದಿನ ವಾರ ಅರಳುತ್ತದೆ, ಯಾವುದನ್ನು ಕೀಳುತ್ತಾರೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ.

ಹೂ ಕೀಳಬೇಡಿ, ಪಾತಿಯೊಳಗೆ ಕಾಲಿಡಬೇಡಿ. ಬಣ್ಣದ ನೀರನ್ನು ಗಿಡದ ಬುಡಕ್ಕಾಗಲಿ ಕೊಳಕ್ಕಾಗಲಿ ಸುರಿಯಬೇಡಿ. ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ಲೋಹಗಳಿರುವ ಬಣ್ಣಗಳಿವೆ. ಬಾಟಲಿಗೆ ತುಂಬಿಕೊಂಡು ವಾಪಸ್ ತನ್ನಿ.

ನಿಲ್ಲಿಸುವುದು, ಮನೆಗೆ ತರುವುದು

ಒಂದೂವರೆ ಗಂಟೆಯಿಂದ ಎರಡು ಗಂಟೆ, ಅಷ್ಟೇ. ಆಮೇಲೆ ನೀವು ನೋಡುತ್ತಿರುವುದು ಬೇರೆ ತೋಟ. ಕೈ ಸುಮ್ನೆ ಸಣ್ಣ ಬ್ರಷ್ಷಿನ ಕಡೆ ಹೋಗಲು ಶುರುವಾದರೆ ಎದ್ದುಬಿಡಿ.

ಮನೆಯಲ್ಲಿ ಹಾಳೆಯನ್ನು ಗೋಡೆಗೆ ಒರಗಿಸಿ ಆರೇಳು ಅಡಿ ದೂರದಿಂದ ನೋಡಿ. ಬಹಳ ಸಲ ಒಂದೇ ಕೊರತೆ ಕಾಣುತ್ತದೆ, ಕತ್ತಲು ಸಾಲದು. ಒಣಗಿದ ಮೇಲೆ ವಾಟರ್ ಕಲರ್ ತುಸು ತಿಳಿಯಾಗುತ್ತದೆ. ಹೂವಿನ ಹಿಂದೆ ಎರಡೋ ಮೂರೋ ಕಡೆ ಗಾಢ ಹಸಿರು ಹಾಕಿದರೆ ಸಾಕು. ಹೂವನ್ನು ಮಾತ್ರ ಮನೆಯಲ್ಲಿ ತಿದ್ದಬೇಡಿ. ಅಲ್ಲಿ ನೋಡಿ ಹಾಕಿದ ಬಣ್ಣಕ್ಕೂ ಇಲ್ಲಿ ನೆನಪಿನಿಂದ ಹಾಕುವ ಬಣ್ಣಕ್ಕೂ ಹೊಂದಾಣಿಕೆಯಾಗುವುದಿಲ್ಲ.

ಫ್ರೇಮ್ ಹಾಕಿಸುವ ಯೋಚನೆಯಿದ್ದರೆ ಮೊದಲು ನಿಮ್ಮ ಬಣ್ಣಗಳನ್ನು ಪರೀಕ್ಷೆ ಮಾಡಿಕೊಳ್ಳಿ. ಒಂದು ಉದ್ದನೆಯ ಚೂರು ಹಾಳೆಯಲ್ಲಿ ಎಲ್ಲ ಬಣ್ಣದ ಪಟ್ಟಿ ಹಾಕಿ ಹೆಸರು ಬರೆಯಿರಿ. ಅರ್ಧ ಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಮೂರು ತಿಂಗಳ ಮೇಲೆ ರಟ್ಟು ತೆಗೆದು ನೋಡಿ. ಎರಡು ಭಾಗಕ್ಕೂ ವ್ಯತ್ಯಾಸ ಕಂಡ ಬಣ್ಣವನ್ನು ಅಭ್ಯಾಸದ ಪುಸ್ತಕಕ್ಕೆ ಇಟ್ಟುಕೊಳ್ಳಿ, ಗೋಡೆಗೆ ಹೋಗುವ ಚಿತ್ರಕ್ಕೆ ಹಾಕಬೇಡಿ.